ಗೇರ್‌ಬಾಕ್ಸ್ ಬದಲಿಸಿದ ಮೂರು ದಿನ

(ಮಹಿಳಾ ವಿಭಾಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



"ಮನೆ ಮತ್ತು ತಂತ್ರಜ್ಞಾನ" ಎಂಬ ವಿಷಯ ಕೊಟ್ಟು ಹದಿನೈದು ನಿಮಿಷ ಮಾತಾಡಲು ಹೇಳಿದ್ದಾರೆ. ನಾನು ಎಂ.ಟೆಕ್ ಓದಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವಳು. ಮೊಬೈಲ್, ಇಂಟರ್‌ನೆಟ್, ಆನ್‌ಲೈನ್ ಬ್ಯಾಂಕಿಂಗ್ ಬಗ್ಗೆ ಹೇಳುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಅದನ್ನೆಲ್ಲ ಈಗ ನಿಮ್ಮ ಮಕ್ಕಳೇ ನಿಮಗೆ ಕಲಿಸುತ್ತಾರೆ. ನಾನು ಇಂದು ಹೇಳಲು ಹೊರಟಿರುವುದು ಕಾರಿನ ಗೇರ್‌ಬಾಕ್ಸ್ ವಿಷಯ. ಹೋದ ಫೆಬ್ರವರಿಯಲ್ಲಿ ಮುಲುಂಡ್ ಪೂರ್ವದ ನಮ್ಮ ಬಿಲ್ಡಿಂಗಿನ ಕಂಪೌಂಡಿನಲ್ಲಿ, ನಮ್ಮ ಕಾರಿನ ಸವೆದ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಇಳಿಸಿ ಬೇರೊಂದನ್ನು ಕೂರಿಸಿದೆವು. ಗೇರ್‌ಬಾಕ್ಸ್ ಇಳಿಸುವುದಕ್ಕಿಂತ, ಆ ಕೆಲಸಕ್ಕೆ ಯಾರೂ ಕರೆಯದ ಎರಡೂವರೆ ದಿನ ಹೊಂದಿಸಿಕೊಳ್ಳುವುದೇ ಕಷ್ಟವಾಗಿತ್ತು. ಅದಕ್ಕೇ ಇದು ಮಹಿಳೆಯರ ಸಭೆಯಲ್ಲಿ ಹೇಳಬೇಕಾದ ವಿಷಯ ಎಂದು ನನಗೆ ಅನ್ನಿಸಿತು.

ಮೊದಲು ಮನೆಯ ಪರಿಸ್ಥಿತಿ ಹೇಳುತ್ತೇನೆ. ಮಾವನವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ. ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯಲ್ಲಿರಬೇಕು, ಹನ್ನೊಂದೂವರೆಗೆ ಮುಗಿಯುತ್ತದೆ. ಮುಗಿಸಿ ಬರುವಾಗ ಅವರಿಗೆ ತುಂಬ ನಿಶ್ಶಕ್ತಿ. ಕೆಲವು ದಿನ ಗಾಲಿಕುರ್ಚಿಯಲ್ಲೇ ಕರೆತರಬೇಕು. ಹತ್ತಿರದ ದೂರಕ್ಕೆ ರಿಕ್ಷಾ ಬರುವುದಿಲ್ಲ, ಆ್ಯಪ್ ಟ್ಯಾಕ್ಸಿ ಒಪ್ಪಿಕೊಂಡು ಆಮೇಲೆ ಕ್ಯಾನ್ಸಲ್ ಮಾಡುತ್ತದೆ. ಇದು ಇಲ್ಲಿರುವ ಎಲ್ಲರ ಅನುಭವ. ಗಂಡನ ಕೆಲಸ ಪುಣೆಯಲ್ಲಿ, ಶನಿವಾರ ಬಂದು ಸೋಮವಾರ ನಸುಕಿಗೆ ಹೋಗುತ್ತಾರೆ. ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಿದೆ. ಮಗಳು ನಾಲ್ಕನೆಯ ಕ್ಲಾಸು. ಹೀಗಾಗಿ ನಮ್ಮ ಮನೆಯಲ್ಲಿ ಕಾರು ಐಷಾರಾಮದ ವಸ್ತುವಲ್ಲ. ಗ್ಯಾಸ್ ಸಿಲಿಂಡರಿನ ಹಾಗೆ, ಅದಿಲ್ಲದೆ ದಿನ ಸಾಗುವುದಿಲ್ಲ.

ಆ ಕಾರನ್ನು ನಾವು ಸೆಕೆಂಡ್ ಹ್ಯಾಂಡ್ ಕೊಂಡದ್ದು. ಕೊಳ್ಳುವಾಗಲೇ 92 ಸಾವಿರ ಕಿಲೋಮೀಟರ್ ಓಡಿತ್ತು. ಸರ್ವಿಸ್ ಪುಸ್ತಕದಲ್ಲಿ ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ದಾಖಲೆ ಒಂದೂ ಇರಲಿಲ್ಲ. ತಂದ ತಿಂಗಳಲ್ಲೇ ಹೊಸ ಎಣ್ಣೆ ಹಾಕಿಸಿದೆವು. ಆದರೆ ಒಮ್ಮೆ ಸವೆದ ಪ್ಲೇಟು ಹೊಸ ಎಣ್ಣೆ ಕಂಡು ಮತ್ತೆ ಬೆಳೆಯುವುದಿಲ್ಲ.

ತೊಂದರೆಯನ್ನು ಮೊದಲು ಗುರುತಿಸಿದ್ದು ಮಾವ. ಅವರು ಬೆಸ್ಟ್ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದವರು ಒಂದು ದಿನ ಹೇಳಿದರು: "ಮಗಾ, ಇಂಜಿನ್ ಕೂಗ್ತದೆ, ಗಾಡಿ ಓಡುದಿಲ್ಲ." ಸವೆದ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಲಕ್ಷಣವನ್ನು ಇದಕ್ಕಿಂತ ಚೊಕ್ಕವಾಗಿ ಯಾವ ಪುಸ್ತಕದಲ್ಲೂ ನಾನು ಓದಿಲ್ಲ.

ಅದು ಯಾಕೆ ಹಾಗಾಗುತ್ತದೆ ಎಂದು ಸ್ವಲ್ಪ ಹೇಳಬೇಕು. ಕ್ಲಚ್ ಪೆಡಲ್ ಇಲ್ಲದ ಕಾರುಗಳನ್ನೆಲ್ಲ ನಾವು "ಆಟೋಮ್ಯಾಟಿಕ್" ಎನ್ನುತ್ತೇವೆ. ಆದರೆ ಒಳಗೆ ಅವು ಬೇರೆ ಬೇರೆ. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ನಮ್ಮ ದೇಶಕ್ಕೆ ಬಂದ ಎಎಂಟಿ ಎಂದರೆ ಸಾಧಾರಣ ಗೇರ್‌ಬಾಕ್ಸೇ. ನಮ್ಮ ಎಡಗಾಲು ಮತ್ತು ಎಡಗೈ ಮಾಡುವ ಕೆಲಸವನ್ನು ಅಲ್ಲಿ ಒಂದು ಯಂತ್ರ ಮಾಡುತ್ತದೆ. ಸಿವಿಟಿಯಲ್ಲಿ ಎರಡು ರಾಟೆ, ನಡುವೆ ಒಂದು ಲೋಹದ ಬೆಲ್ಟು. ಡಿಸಿಟಿಯಲ್ಲಿ ಎರಡು ಕ್ಲಚ್. ನಮ್ಮದು ಇವೆಲ್ಲಕ್ಕಿಂತ ಹಳೆಯ ಜಾತಿ, ಟಾರ್ಕ್ ಕನ್ವರ್ಟರ್ ಇರುವಂಥದ್ದು. ಅದರ ಮೂಲ ಕಲ್ಪನೆ ಜರ್ಮನಿಯ ಹರ್ಮನ್ ಫೋಟಿಂಗರ್ ಎಂಬವರದು, 1905ರಲ್ಲಿ ಹಡಗುಗಳಿಗಾಗಿ ಮಾಡಿದ್ದು. ಕಾರಿನಲ್ಲಿ ಪೂರ್ಣ ಆಟೋಮ್ಯಾಟಿಕ್ ಗೇರ್ ದೊಡ್ಡ ಪ್ರಮಾಣದಲ್ಲಿ ಬಂದದ್ದು ಅಮೆರಿಕದ ಓಲ್ಡ್ಸ್‌ಮೊಬೈಲಿನಲ್ಲಿ, 1940ರ ಮಾದರಿಯಲ್ಲಿ.

ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿ. ಅದರ ಗಾಳಿಗೆ ಎರಡನೆಯದೂ ತಿರುಗುತ್ತದೆ. ಟಾರ್ಕ್ ಕನ್ವರ್ಟರ್ ಇದೇ ಕೆಲಸ ಮಾಡುತ್ತದೆ, ಗಾಳಿಯ ಬದಲು ಎಣ್ಣೆಯಿಂದ. ಅದರ ಹಿಂದೆ ಗೇರುಗಳ ಗುಂಪು: ನಡುವೆ ಸೂರ್ಯನ ಹಾಗೆ ಒಂದು ಚಕ್ರ, ಸುತ್ತ ಗ್ರಹಗಳ ಹಾಗೆ ಮೂರು ನಾಲ್ಕು ಚಕ್ರ, ಹೊರಗೆ ಒಂದು ಬಳೆ. ಇವುಗಳಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದರ ಮೇಲೆ ಮೊದಲನೇ ಗೇರು, ಎರಡನೇ ಗೇರು ಆಗುತ್ತದೆ. ಹಿಡಿಯುವ ಕೆಲಸ ತೆಳ್ಳನೆಯ ಪ್ಲೇಟುಗಳದು. ಅವುಗಳ ಮೇಲೆ ಕಾಗದದಂಥ ಒಂದು ಲೇಪ ಇರುತ್ತದೆ. ಎಣ್ಣೆಯ ಒತ್ತಡ ಅವುಗಳನ್ನು ಒತ್ತಿ ಹಿಡಿಯುತ್ತದೆ. ಲೇಪ ಸವೆದರೆ ಹಿಡಿತ ತಪ್ಪುತ್ತದೆ. ಆಗ ಇಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ.

ಇದಕ್ಕೆ ದೊಡ್ಡ ಶತ್ರು ಶಾಖ. ನಮ್ಮ ಮುಂಬಯಿಯ ರಸ್ತೆ ನಿಮಗೆ ಗೊತ್ತೇ ಇದೆ. ಎಲ್‌ಬಿಎಸ್ ರಸ್ತೆಯಲ್ಲಿ ಸಂಜೆ ಹೊತ್ತು ಹತ್ತು ಅಡಿ ಮುಂದೆ, ನಿಲ್ಲು, ಮತ್ತೆ ಹತ್ತು ಅಡಿ. ಆ ವೇಗದಲ್ಲಿ ಎಣ್ಣೆ ಸುಮ್ಮನೆ ಕಡೆಯಲ್ಪಟ್ಟು ಬಿಸಿಯಾಗುತ್ತದೆ, ತಣಿಸಲು ಮುಂದಿನಿಂದ ಗಾಳಿಯೂ ಬರುವುದಿಲ್ಲ. ಹೈವೇಯಲ್ಲಿ ಓಡಿದ ಒಂದು ಲಕ್ಷ ಕಿಲೋಮೀಟರೂ ಮುಂಬಯಿಯ ಒಂದು ಲಕ್ಷ ಕಿಲೋಮೀಟರೂ ಒಂದೇ ಅಲ್ಲ. ಇನ್ನೊಂದು ಶತ್ರು ನಮ್ಮ ಮಳೆನೀರು. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಆ ಮಟ್ಟದ್ದೇ ಬೇಕೆಂದಿಲ್ಲ. ಸೊಂಟದ ಮಟ್ಟದ ನೀರಲ್ಲಿ ಕಾರು ನಿಂತರೆ ಗೇರ್‌ಬಾಕ್ಸಿನ ಉಸಿರಾಟದ ಕೊಳವೆಯಿಂದ ನೀರು ಒಳಗೆ ಹೋಗಬಹುದು. ಆಗ ಎಣ್ಣೆ ಸ್ಟ್ರಾಬೆರಿ ಮಿಲ್ಕ್‌ಶೇಕ್ ಬಣ್ಣಕ್ಕೆ ತಿರುಗುತ್ತದೆ. ಹೊಸ ಎಣ್ಣೆ ನಮ್ಮ ಪುನರ್ಪುಳಿ ಶರಬತ್ತಿನ ಹಾಗೆ ಕೆಂಪಗೆ, ಪಾರದರ್ಶಕವಾಗಿ ಇರುತ್ತದೆ. ನಮ್ಮ ಕಾರಿನದು ಹೊತ್ತಿದ ಬೆಲ್ಲದ ಪಾಕದ ಹಾಗಿತ್ತು, ವಾಸನೆಯೂ ಸುಟ್ಟದ್ದೇ.

ನಾನು ಕಂಪ್ಯೂಟರಿನವಳು, ಅಂಕಿ ನೋಡದೆ ಸಮಾಧಾನವಿಲ್ಲ. ಸ್ಟೇರಿಂಗ್ ಕೆಳಗಿನ ಸಾಕೆಟಿಗೆ ಸಿಕ್ಕಿಸುವ ಪುಟ್ಟ ಬ್ಲೂಟೂತ್ ಸಾಧನ ಒಂದನ್ನು ತಂದು ಎರಡು ವಾರ ದಾಖಲೆ ಇಟ್ಟೆ. ಮೂರನೇ ಗೇರಿನಲ್ಲಿ ವೇಗ ಅಷ್ಟೇ ಇರುವಾಗ ಇಂಜಿನಿನ ಸುತ್ತು 2,000ದಿಂದ 2,800ಕ್ಕೆ ಹಾರುತ್ತಿತ್ತು. ಕಂಪ್ಯೂಟರ್ ಪಿ-0730 ಎಂಬ ಸಂಕೇತ ತೋರಿಸಿತು. ಗೇರಿನ ಅನುಪಾತ ಸರಿಯಿಲ್ಲ ಎಂದು ಅದರ ಅರ್ಥ. ಮಾವನ ಕಿವಿ ಹೇಳಿದ್ದನ್ನೇ ಯಂತ್ರವೂ ಹೇಳಿತು.

ಒಂದು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದೆ. ಹೊಸ ಗೇರ್‌ಬಾಕ್ಸಿಗೆ ಎರಡು ಲಕ್ಷದ ಮೇಲೆ ಹೇಳಿದರು. ಕಾರಿನ ಬೆಲೆಯೇ ಈಗ ಅಷ್ಟು ಬಾಳುವುದಿಲ್ಲ. ಬೇರೆ ಗ್ಯಾರೇಜಿನವರು ಕಡಿಮೆ ಹೇಳಿದರು, ಆದರೆ ಕಾರನ್ನು ಹತ್ತು ದಿನ ಬಿಡಬೇಕು. ಹತ್ತು ದಿನವೆಂದರೆ ನಾಲ್ಕೈದು ಡಯಾಲಿಸಿಸ್. ಲೆಕ್ಕ ಹಾಕಿ ನೋಡಿದೆ. ಶನಿವಾರ ಮಧ್ಯಾಹ್ನ ಆಸ್ಪತ್ರೆಯಿಂದ ಬಂದ ಮೇಲೆ ಮಂಗಳವಾರ ಬೆಳಿಗ್ಗೆ ಆರೂವರೆವರೆಗೆ ಕಾರಿಗೆ ಕೆಲಸವಿಲ್ಲ. ಅಷ್ಟರಲ್ಲಿ ಮನೆಯಲ್ಲೇ ಆದರೆ ಆಯಿತು.

ಭಾಂಡುಪ್‌ನಲ್ಲಿ ನಮಗೆ ಪರಿಚಯದ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ, ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಷ್ಟೋ ಇಳಿಸಿದ ಕೈ. "ನಾನು ನಿಮ್ಮ ಜೊತೆ ಕೆಲಸ ಮಾಡುತ್ತೇನೆ, ನಿಂತು ನೋಡುವುದಿಲ್ಲ" ಎಂದೆ. ಅವರು ನನ್ನನ್ನೊಮ್ಮೆ ನೋಡಿ, "ಠೀಕ್ ಹೈ ಬೇಟಿ, ಲೇಕಿನ್ ಹಾಥ್ ಕಾಲೇ ಹೋಂಗೇ" ಎಂದರು. ಕೈ ಕಪ್ಪಾದರೆ ತೊಳೆದುಕೊಳ್ಳಬಹುದು ಎಂದೆ.

ಗೇರ್‌ಬಾಕ್ಸನ್ನು ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಹುಡುಕಿದೆವು. ಅಪಘಾತವಾದ ಕಾರುಗಳ ಭಾಗಗಳು ಅಲ್ಲಿ ಸಿಗುತ್ತವೆ. ಕೊಳ್ಳುವ ಮೊದಲು ನಾಲ್ಕು ವಿಷಯ ನೋಡಿದೆ. ಗೇರ್‌ಬಾಕ್ಸಿನ ಮೈಮೇಲಿನ ಸಂಕೇತ ನಮ್ಮದರ ಜೊತೆ ಅಕ್ಷರ ಅಕ್ಷರ ತಾಳೆಯಾಗಬೇಕು. ಕಾರಿಗೆ ಪೆಟ್ಟು ಹಿಂದಿನಿಂದ ಬಿದ್ದಿರಬೇಕು, ಮುಂದಿನಿಂದ ಅಲ್ಲ. ಕೆಳಗಿನ ತಟ್ಟೆ ಬಿಚ್ಚಿ ಅದರೊಳಗಿನ ಅಯಸ್ಕಾಂತ ನೋಡಬೇಕು: ಬೂದಿಯಂಥ ನುಣ್ಣನೆಯ ಮಸಿ ಇದ್ದರೆ ಸಹಜ, ಲೋಹದ ಚೂರುಗಳಿದ್ದರೆ ಬೇಡ. ಕೊನೆಯದಾಗಿ, ಕೆಲಸ ಮಾಡದಿದ್ದರೆ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಮೂರನೆಯ ಅಂಗಡಿಯಲ್ಲಿ ನಾಲ್ಕೂ ಕೂಡಿಬಂದವು.

ಆಮೇಲೆ ಸೊಸೈಟಿಯ ಅನುಮತಿ. ಅರ್ಜಿ ಕೊಡಲು ಹೋದಾಗ ಕಮಿಟಿಯವರೊಬ್ಬರು ಕೇಳಿದರು, "ಸಾಹೇಬ ಕುಠೆ ಆಹೇತ?" ಸಾಹೇಬರು ಪುಣೆಯಲ್ಲಿದ್ದಾರೆ, ಅರ್ಜಿ ನನ್ನದು ಎಂದೆ. ನೆಲದ ಮೇಲೆ ಎರಡು ಪದರ ತಾಡಪತ್ರಿ ಹಾಸುತ್ತೇವೆ, ಒಂದು ಹನಿ ಎಣ್ಣೆ ಬೀಳುವುದಿಲ್ಲ, ಮಧ್ಯಾಹ್ನ ಎರಡರಿಂದ ನಾಲ್ಕು ಮತ್ತು ರಾತ್ರಿ ಒಂಬತ್ತರ ಮೇಲೆ ಸದ್ದಿಲ್ಲ, ಸೋಮವಾರ ರಾತ್ರಿ ಜಾಗ ಖಾಲಿ ಎಂದು ಅರ್ಜಿಯಲ್ಲೇ ಬರೆದಿದ್ದೆ. ಅವರು ಓದಿ ಸಹಿ ಮಾಡಿದರು.

ಎಲ್ಲಕ್ಕಿಂತ ಕಷ್ಟದ ಅನುಮತಿ ಮನೆಯೊಳಗಿನದು. ಅತ್ತೆ ಹೇಳಿದರು, "ಕಾರಿನ ಅಡಿಯಲ್ಲಿ ಮಲಗಿದ್ರೆ ನೋಡಿದವರು ಎಂತ ಹೇಳಿಯಾರು?" ಅದೇ ಭಾನುವಾರ ವಸಾಯಿಯಲ್ಲಿ ಗಂಡನ ದೊಡ್ಡಪ್ಪನ ಮಗಳ ಮನೆಯ ಗೃಹಪ್ರವೇಶ. ಸೋಮವಾರ ಮಗಳಿಗೆ ಗಣಿತದ ಟೆಸ್ಟು. ಆ ವಾರ ಆಫೀಸಿನಲ್ಲಿ ರಾತ್ರಿ ತುರ್ತು ಕರೆ ಸ್ವೀಕರಿಸುವ ಸರದಿ ನನ್ನದು. ಜೊತೆಗೆ ಮಾವನ ಊಟದ ಪಥ್ಯ: ಉಪ್ಪು ಅಳೆಯಬೇಕು, ನೀರು ಅಳೆಯಬೇಕು.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ಹೆಚ್ಚಿನವರು ಹೊಸದಾಗಿ ಏನಾದರೂ ಮಾಡಬೇಕೆಂದಾಗ ಮೊದಲು ಮನೆಯ ಎಲ್ಲ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ಮಾಡುತ್ತೇವೆ. ಸಂಗೀತವಾಗಲಿ, ಬರವಣಿಗೆಯಾಗಲಿ, ಓದಾಗಲಿ. ಗೇರ್‌ಬಾಕ್ಸ್ ಕೆಲಸದಲ್ಲಿ ಅದು ನಡೆಯುವುದಿಲ್ಲ. ಅದರ ತೂಕ ಎಪ್ಪತ್ತು ಎಂಬತ್ತು ಕಿಲೋ. ಬೋಲ್ಟು ಬಿಚ್ಚಿ ಜಾಕಿನ ಮೇಲೆ ಅದು ತೂಗುತ್ತಿರುವಾಗ "ಅಮ್ಮಾ, ಕಂಪಾಸ್ ಬಾಕ್ಸ್ ಎಲ್ಲಿ?" ಎಂದು ಕರೆದರೆ ಎದ್ದು ಹೋಗಲಾಗುವುದಿಲ್ಲ, ಹೋದರೆ ಯಾರದಾದರೂ ಕೈ ಹೋಗುತ್ತದೆ. ಆದ್ದರಿಂದ ಶುಕ್ರವಾರ ರಾತ್ರಿ ಎಲ್ಲರನ್ನೂ ಕೂರಿಸಿ ಒಂದು ಹಾಳೆಯ ಮೇಲೆ ಬರೆದೆ: ಯಾರು, ಯಾವಾಗ, ಏನು. ಅಡುಗೆ ಗಂಡನದು, ಮಾವನ ಪಥ್ಯದ ಅಳತೆಗಳನ್ನು ಫ್ರಿಡ್ಜಿನ ಮೇಲೆ ಅಂಟಿಸಿದೆ. ಗೃಹಪ್ರವೇಶಕ್ಕೆ ಗಂಡ ಮತ್ತು ಮಗಳು. ಆಫೀಸಿನ ಸರದಿಯನ್ನು ಸಹೋದ್ಯೋಗಿಯೊಬ್ಬಳ ಜೊತೆ ಅದಲು ಬದಲು ಮಾಡಿಕೊಂಡು ಸೋಮವಾರ ರಜೆ ಹಾಕಿದೆ. ಮಂಗಳವಾರ ಕಾರು ಸಿದ್ಧವಾಗದಿದ್ದರೆ ಇರಲಿ ಎಂದು ಪರಿಚಯದ ಟ್ಯಾಕ್ಸಿಯವರಿಗೆ ಮುಂಗಡವಾಗಿ ಹೇಳಿಟ್ಟೆ. ಹಾಳೆಯ ಕೊನೆಗೆ ದಪ್ಪ ಅಕ್ಷರದಲ್ಲಿ ಒಂದೇ ನಿಯಮ: ಕಾರಿನ ಅಡಿಯಲ್ಲಿ ಇರುವಾಗ ಕರೆಯಬಾರದು.

ಶನಿವಾರ ಮಧ್ಯಾಹ್ನ ಕೆಲಸ ಶುರುವಾಯಿತು. ನಮ್ಮ ಕಂಪೌಂಡಿನಲ್ಲಿ ಪೇವರ್ ಬ್ಲಾಕ್ ಹಾಕಿದ್ದಾರೆ. ಭಾರ ಬಿದ್ದರೆ ಅದು ಕುಸಿಯಬಹುದು. ಅದಕ್ಕೆ ದಪ್ಪ ಪ್ಲೈವುಡ್ ಹಲಗೆ ಹಾಸಿ, ಅದರ ಮೇಲೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು ಕಾರಿನ ಮುಂಭಾಗ ಎತ್ತಿದೆವು. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಒತ್ತಿದೆವು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದೂ ಹೋಗಬಾರದು, ಒಂದು ನಿಮಿಷಕ್ಕೂ ಹೋಗಬಾರದು. ಇದನ್ನು ಮನೆಯ ಗಂಡಸರಿಗೂ ಹೇಳಿ.

ಬ್ಯಾಟರಿ ತೆಗೆದೆವು, ಎಣ್ಣೆ ಇಳಿಸಿದೆವು, ಚಕ್ರಕ್ಕೆ ಹೋಗುವ ಎರಡು ಆಕ್ಸೆಲ್ ಎಳೆದೆವು. ಪ್ರತಿ ವೈರಿನ ಜೋಡಣೆಗೂ ನಾನು ಕಾಗದದ ಪಟ್ಟಿ ಅಂಟಿಸಿ ನಂಬರ್ ಹಾಕಿ ಫೋಟೋ ತೆಗೆದೆ. ಬಿಚ್ಚಿದ ಬೋಲ್ಟುಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಕ್ರಮವಾಗಿ ಇಟ್ಟೆ. ಹಳೆಯ ತಟ್ಟೆ ಎಂದು ಅತ್ತೆಗೆ ಮೊದಲೇ ಹೇಳಿದ್ದೆ. ಉಸ್ತಾದರು ಅದನ್ನು ನೋಡಿ ನಕ್ಕರು, ಆದರೆ ಭಾನುವಾರ ಜೋಡಿಸುವಾಗ "ಏಳನೇ ಗುಳಿಯದು ಕೊಡು" ಎಂದು ಅವರೇ ಕೇಳತೊಡಗಿದರು.

ಮಾವ ಕುರ್ಚಿ ಹಾಕಿಸಿಕೊಂಡು ಕೆಳಗೆ ಬಂದು ಕುಳಿತರು. ಡಯಾಲಿಸಿಸ್ ಆದ ದಿನ ಅವರು ಸಾಮಾನ್ಯವಾಗಿ ಸಂಜೆಯವರೆಗೆ ಮಲಗೇ ಇರುತ್ತಾರೆ. ಆ ದಿನ ಬಸ್ಸಿನ ಕಾಲದ ಕಥೆ ಹೇಳುತ್ತ ಒಂದು ಗಂಟೆ ಕುಳಿತರು. ಕತ್ತಲಾಗುವಾಗ ಹಳೆಯ ಗೇರ್‌ಬಾಕ್ಸ್ ಬಾಡಿಗೆಗೆ ತಂದ ಜಾಕಿನ ಮೇಲೆ ಮೆಲ್ಲಗೆ ಕೆಳಗಿಳಿಯಿತು.

ಭಾನುವಾರದ ಕೆಲಸ ನಾಜೂಕಿನದು. ಹಳೆಯದರ ಪುಡಿ ಎಣ್ಣೆ ತಣಿಸುವ ಕೂಲರಿನಲ್ಲಿ ಸೇರಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಬಂದ ಗೇರ್‌ಬಾಕ್ಸೂ ಕೆಡುತ್ತದೆ. ಆದ್ದರಿಂದ ಕೂಲರು, ಪೈಪು ಎರಡನ್ನೂ ಹೊಸದಾಗಿ ಹಾಕಿದೆವು. ಹೇಗೂ ಬಿಚ್ಚಿದ್ದೇವೆ ಎಂದು ಇಂಜಿನಿನ ಹಿಂದಿನ ಆಯಿಲ್ ಸೀಲು, ಆಕ್ಸೆಲ್ ಸೀಲು, ರಬ್ಬರ್ ಮೌಂಟು ಬದಲಿಸಿದೆವು. ನೂರಿನ್ನೂರು ರೂಪಾಯಿಯ ಸೀಲಿಗಾಗಿ ಮತ್ತೊಮ್ಮೆ ಇಷ್ಟೆಲ್ಲ ಬಿಚ್ಚಬಾರದಲ್ಲ.

ಆಮೇಲೆ ಟಾರ್ಕ್ ಕನ್ವರ್ಟರನ್ನು ಗೇರ್‌ಬಾಕ್ಸಿನೊಳಗೆ ಕೂರಿಸುವುದು. ನೋಡಲು ಕುಳಿತ ಹಾಗೇ ಕಾಣುತ್ತದೆ, ಆದರೆ ಒಳಗೆ ಒಂದರ ಹಿಂದೊಂದು ಹಲ್ಲುಗಳು ಹೊಂದಬೇಕು. ಪೂರ್ತಿ ಕೂರದೆ ಬೋಲ್ಟು ಬಿಗಿದರೆ ಎಣ್ಣೆಯ ಪಂಪು ಒಡೆಯುತ್ತದೆ, ಗೇರ್‌ಬಾಕ್ಸ್ ಓಡುವ ಮೊದಲೇ ಮುಗಿಯಿತು. ಅಂಚಿಗೆ ಪಟ್ಟಿ ಅಡ್ಡವಿಟ್ಟು ಆಳ ಅಳೆದೆ. ಬೇಕಾದ್ದಕ್ಕಿಂತ 14 ಮಿಲಿಮೀಟರ್ ಕಡಿಮೆ. ತಿರುಗಿಸುತ್ತ ಒತ್ತಿದೆವು, "ಟಕ್" ಎಂದಿತು. ಇನ್ನೂ ಉಳಿದಿದೆ. ಮತ್ತೆ ತಿರುಗಿಸಿದೆವು. ಮುಕ್ಕಾಲು ಗಂಟೆ ಹಿಡಿಯಿತು. ಇಲ್ಲಿ ಬಲ ಹಾಕಿ ಪ್ರಯೋಜನವಿಲ್ಲ, ಬೆರಳಿಗೆ ತಿಳಿಯಬೇಕು. ಕಡೆಯ "ಟಕ್" ಕೇಳಿದಾಗ ಉಸ್ತಾದರು ಕೈ ಒರೆಸಿಕೊಂಡು "ಅಬ್ ಚಾಯ್" ಎಂದರು.

ಆ ಮುಕ್ಕಾಲು ಗಂಟೆಯಲ್ಲಿ ನನ್ನ ಫೋನು ಒಂಬತ್ತು ಸಲ ಬಡಿದಿತ್ತು. ಗೃಹಪ್ರವೇಶದ ಮನೆಯಿಂದ, ನಾನು ಯಾಕೆ ಬಂದಿಲ್ಲ ಎಂದು. ಫೋನು ಅತ್ತೆಯ ಕೈಯಲ್ಲಿತ್ತು. ಏನು ಹೇಳುತ್ತಾರೋ ಎಂಬ ಅಳುಕು ನನಗಿತ್ತು. ಕಿಟಕಿಯಿಂದ ಅವರ ದನಿ ಕೇಳಿತು: "ಅವಳು ಕಾರಿನ ಅಡಿಯಲ್ಲಿದ್ದಾಳೆ. ಈಗ ಕರೀಲಿಕ್ಕಿಲ್ಲ. ಮತ್ತೆ ಮಾಡಿ." ಎರಡು ದಿನ ಮೊದಲು ನಾಚಿಕೆಯ ವಿಷಯವಾಗಿದ್ದದ್ದು ಅಂದು ಅವರ ಬಾಯಲ್ಲಿ ಬಲವಾದ ಕಾರಣವಾಗಿತ್ತು. ವಸಾಯಿಯ ನಾದಿನಿಗೆ ಬೇಸರವಾದದ್ದು ನಿಜ. ಮುಂದಿನ ಭಾನುವಾರ ಅದೇ ಕಾರಿನಲ್ಲಿ ಮಾವನನ್ನೂ ಕರೆದುಕೊಂಡು ಅವಳ ಮನೆಗೆ ಹೋಗಿ ಬಂದೆವು. ಬೇಸರ ಅಲ್ಲಿಗೆ ಮುಗಿಯಿತು.

ಸೋಮವಾರ ಮಧ್ಯಾಹ್ನಕ್ಕೆ ಜೋಡಣೆ ಮುಗಿಯಿತು. ತಯಾರಕರು ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿ, ಇಂಜಿನ್ ಚಾಲೂ ಮಾಡಿ, ಎಣ್ಣೆ ಹೇಳಿದಷ್ಟು ಬಿಸಿಯಾದ ಮೇಲೆ ಮಟ್ಟ ನೋಡಿದೆವು. ತಣ್ಣಗಿರುವಾಗ ನೋಡಿದರೆ ಅಳತೆ ತಪ್ಪುತ್ತದೆ. ಪಿ, ಆರ್, ಎನ್, ಡಿ ಒಂದೊಂದರಲ್ಲೂ ಹತ್ತು ಸೆಕೆಂಡು ನಿಲ್ಲಿಸಿದೆವು. ಸೋರಿಕೆ ಇಲ್ಲ. ಗೇರ್‌ಬಾಕ್ಸಿನ ಕಂಪ್ಯೂಟರಿನ ಹಳೆಯ ಕಲಿಕೆಯನ್ನು ಅಳಿಸಿ ಹೊಸದಾಗಿ ಕಲಿಸಿದೆವು. ರಾತ್ರಿ ಐರೋಲಿ ಸೇತುವೆ ದಾಟಿ ಹೋಗಿ ಬಂದೆ. ಮೂರನೇ ಗೇರಿನಲ್ಲಿ ಸುತ್ತು ಹಾರಲಿಲ್ಲ. ಮಂಗಳವಾರ ಆರೂವರೆಗೆ ಮಾವನನ್ನು ಕೂರಿಸಿ ಹೊರಟೆ. ಟ್ಯಾಕ್ಸಿಯವರಿಗೆ ಬರುವುದು ಬೇಡ ಎಂದು ರಾತ್ರಿಯೇ ಹೇಳಿದ್ದೆ.

ಖರ್ಚಿನ ಲೆಕ್ಕ ಕೇಳುತ್ತೀರಿ, ಗೊತ್ತು. ಗೇರ್‌ಬಾಕ್ಸಿಗೆ 42,000 ರೂ., ಎಣ್ಣೆಗೆ 5,600, ಸೀಲು ಮತ್ತು ಮೌಂಟಿಗೆ 6,200, ಕೂಲರು ಮತ್ತು ಪೈಪಿಗೆ 3,500, ಜಾಕು ಇತ್ಯಾದಿ ಬಾಡಿಗೆ 3,000, ಉಸ್ತಾದರಿಗೆ 8,000. ಒಟ್ಟು 68,300 ರೂ. ಇಳಿಸಿದ ಹಳೆಯ ಎಣ್ಣೆಯನ್ನು ಡಬ್ಬಿಯಲ್ಲಿ ತುಂಬಿ, ಬಳಸಿದ ಎಣ್ಣೆ ಸಂಗ್ರಹಿಸುವವರಿಗೆ ಕೊಟ್ಟೆವು. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಗಟಾರಕ್ಕೆ ಸುರಿಯುವಂತಿಲ್ಲ.

ಇದನ್ನು ಕೇಳಿ ನೀವೆಲ್ಲ ನಾಳೆಯೇ ಗೇರ್‌ಬಾಕ್ಸ್ ಇಳಿಸಿ ಎಂದು ನಾನು ಹೇಳುತ್ತಿಲ್ಲ. ಅನುಭವಿ ಮೆಕ್ಯಾನಿಕ್ ಜೊತೆಗಿಲ್ಲದೆ ಅದು ಮಾಡುವ ಕೆಲಸವೂ ಅಲ್ಲ. ನಾನು ಹೇಳುವುದು ಇಷ್ಟೆ: ಮನೆಯ ಯಂತ್ರವನ್ನು ತಿಳಿದವರ ಕೈಯಲ್ಲಿ ಅದರ ತೀರ್ಮಾನ ಇರುತ್ತದೆ. ನಾವು ಕಾರು ಓಡಿಸುತ್ತೇವೆ, ಪೆಟ್ರೋಲ್ ಹಾಕಿಸುತ್ತೇವೆ, ಮಕ್ಕಳನ್ನೂ ಹಿರಿಯರನ್ನೂ ಹೊತ್ತು ತಿರುಗುತ್ತೇವೆ. ಬಾನೆಟ್ ಎತ್ತಿದ ಕೂಡಲೇ "ಅವರನ್ನು ಕೇಳಿ" ಎನ್ನುತ್ತೇವೆ. ನಾನೂ ತಿಳಿದುಕೊಳ್ಳದೇ ಇದ್ದಿದ್ದರೆ ಎರಡು ಲಕ್ಷ ಕೊಡಬೇಕಿತ್ತು, ಇಲ್ಲವೇ ಕಾರನ್ನು ಮಾರಿ ಮಾವನನ್ನು ರಸ್ತೆಯಲ್ಲಿ ರಿಕ್ಷಾಕ್ಕೆ ಕಾಯಿಸಬೇಕಿತ್ತು.

ಹೆಂಗಸರು ಯಂತ್ರ ಮುಟ್ಟುವುದು ಹೊಸದೇನೂ ಅಲ್ಲ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ಥಾ ಬೆಂಝ್ ಗಂಡನಿಗೆ ಹೇಳದೆ ಇಬ್ಬರು ಹುಡುಗರನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಸುಮಾರು ನೂರು ಕಿಲೋಮೀಟರ್ ಕಾರು ಓಡಿಸಿಕೊಂಡು ತವರಿಗೆ ಹೋದಳು. ದಾರಿಯಲ್ಲಿ ಕಟ್ಟಿದ ಇಂಧನದ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳು, ಸವೆದ ಬ್ರೇಕಿಗೆ ಚಮ್ಮಾರನಿಂದ ಚರ್ಮ ಹೊಡೆಸಿದಳು. ಏರಿನಲ್ಲಿ ಕಾರನ್ನು ತಳ್ಳಬೇಕಾಯಿತು, ಆದ್ದರಿಂದ ಇನ್ನೊಂದು ಗೇರು ಬೇಕು ಎಂದು ಬಂದು ಗಂಡನಿಗೆ ಹೇಳಿದವಳೂ ಅವಳೇ. ನಮ್ಮ ದೇಶದಲ್ಲಿ ಮೊದಲು ಕಾರು ಓಡಿಸಿದ ಮಹಿಳೆ ಇದೇ ಮುಂಬಯಿಯ ಸುಝಾನ್ ಟಾಟಾ, 1905ರಲ್ಲಿ ಎನ್ನುತ್ತಾರೆ. ಅವರು ಜೆ.ಆರ್.ಡಿ. ಟಾಟಾ ಅವರ ತಾಯಿ. ಅದೇ ಜೆ.ಆರ್.ಡಿ. ಅವರಿಗೆ 1974ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಓದಿದ ಸುಧಾ ಕುಲಕರ್ಣಿ, ಅಂದರೆ ಇಂದಿನ ಸುಧಾ ಮೂರ್ತಿ, ಒಂದು ಪೋಸ್ಟ್‌ಕಾರ್ಡ್ ಬರೆದರು. ಟೆಲ್ಕೋ ಕಂಪನಿಯ ಜಾಹೀರಾತಿನಲ್ಲಿ ಹೆಂಗಸರು ಅರ್ಜಿ ಹಾಕಬೇಕಾಗಿಲ್ಲ ಎಂದಿತ್ತು. ಅದನ್ನು ಪ್ರಶ್ನಿಸಿದ ಕಾರ್ಡದು. ಅವರಿಗೆ ಕೆಲಸ ಸಿಕ್ಕಿತು. ನಮ್ಮ ಹಿಂದಿನ ತಲೆಮಾರಿನ ಗಂಡಸರು ಹಗಲು ಹೋಟೆಲಿನಲ್ಲಿ ದುಡಿದು ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು. ದಿನದ ಕೆಲಸದ ಜೊತೆಗೇ ಕಲಿಯುವುದು ಮುಂಬಯಿ ಕನ್ನಡಿಗರಿಗೆ ರಕ್ತದಲ್ಲೇ ಬಂದದ್ದು.

ಕೊನೆಗೆ, ಆಟೋಮ್ಯಾಟಿಕ್ ಕಾರು ಓಡಿಸುವ ಅಕ್ಕಂದಿರಿಗೆ ನಾಲ್ಕು ಮಾತು. ಒಂದು, ನಿಮ್ಮದು ಎಎಂಟಿಯೋ ಸಿವಿಟಿಯೋ ಡಿಸಿಟಿಯೋ ಟಾರ್ಕ್ ಕನ್ವರ್ಟರೋ ತಿಳಿದುಕೊಳ್ಳಿ. ಒಂದರ ಎಣ್ಣೆ ಇನ್ನೊಂದಕ್ಕೆ ಆಗುವುದಿಲ್ಲ. ಎರಡು, "ಈ ಎಣ್ಣೆ ಜೀವಮಾನಕ್ಕೆ ಸಾಕು" ಎಂದು ಯಾರಾದರೂ ಹೇಳಿದರೆ ಯಾರ ಜೀವಮಾನ ಎಂದು ಕೇಳಿ, ಮುಂಬಯಿ ಟ್ರಾಫಿಕ್ಕಿಗೆ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದು ಪುಸ್ತಕದಲ್ಲಿ ನೋಡಿ. ಮೂರು, ಪಾರ್ಕಿಂಗ್ ಮಾಡುವಾಗ ಕಾರು ಪೂರ್ತಿ ನಿಂತ ಮೇಲೆಯೇ ಡಿಯಿಂದ ಆರ್‌ಗೆ ಹಾಕಿ. ನಾಲ್ಕು, ಕಾರು ಕೆಟ್ಟು ನಿಂತರೆ ಇಂಜಿನ್ ಎಳೆಯುವ ಚಕ್ರಗಳನ್ನು ನೆಲದ ಮೇಲೆ ಉರುಳಿಸಿ ಎಳೆಯಲು ಬಿಡಬೇಡಿ, ಎತ್ತಿ ಒಯ್ಯುವ ಗಾಡಿ ಕರೆಸಿ.

ನಮ್ಮ ಮಹಿಳಾ ವಿಭಾಗಕ್ಕೆ ನನ್ನದೊಂದು ಕೋರಿಕೆ. ರಂಗೋಲಿ, ಅಡುಗೆ ಸ್ಪರ್ಧೆಗಳು ನಡೆಯಲಿ, ನಾನೂ ಬರುತ್ತೇನೆ. ಅವುಗಳ ಜೊತೆಗೆ ವರ್ಷಕ್ಕೊಂದು ಮಧ್ಯಾಹ್ನ ಕಾರಿನ ಬಾನೆಟ್ ತೆರೆದು ನಿಲ್ಲೋಣ. ಟೈರು ಬದಲಿಸುವುದು, ಎಣ್ಣೆ ನೋಡುವುದು, ಬಿಲ್ಲು ಓದುವುದು, ಇಷ್ಟು ಕಲಿಯೋಣ. ಉಸ್ತಾದರನ್ನು ಕರೆತರುವ ಜವಾಬ್ದಾರಿ ನನ್ನದು. ಅಂದು ಮನೆಯಲ್ಲಿ ಅಡುಗೆ ಯಾರದು ಎಂದು ಹಾಳೆಯಲ್ಲಿ ಬರೆದಿಟ್ಟು ಬನ್ನಿ.